ನಾಲ್ಕು ಮಿಲಿಮೀಟರ್ ಹುಚ್ಚು

ನನ್ನ ಗಂಡ ಓರಿನ್ ಅಂಗಡಿಯ ಬಿಲ್ಲನ್ನು ಕಾರಿನಲ್ಲಿ ಕೂತು ಎರಡು ಸಲ ಕೂಡಿ ನೋಡಿದ ಮೇಲೇ ಗಾಡಿ ಹೊರಡಿಸುವ ಮನುಷ್ಯ. ಡ್ಯಾವೆನ್‌ಪೋರ್ಟಿನ ನೀರಿನ ಕಚೇರಿಯಲ್ಲಿ ಮೀಟರ್ ಓದುವ ಕೆಲಸ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನು ಬೇಕಾದ್ದಕ್ಕಿಂತ ಒಂದು ಮೊಳೆ ಹೆಚ್ಚು ಕೊಂಡದ್ದನ್ನು ನಾನು ಕಂಡಿಲ್ಲ. ಅಂಥವನಿಗೆ ತೊಂಬತ್ತೆಂಟರ ಏಪ್ರಿಲ್‌ನಲ್ಲಿ ತಲೆ ಕೆಟ್ಟಿತು. ಅದೇ ದಿನ ನನಗೂ ಅಂಟಿತು.

ಶುರುವಾದದ್ದು ಹೊಗೆಯಿಂದ. ನಮ್ಮದೊಂದು ಎಪ್ಪತ್ತೇಳನೇ ಇಸವಿಯ ಡಾಟ್ಸನ್. ಎರಡೇ ಸೀಟಿನ, ಉದ್ದ ಮೂತಿಯ ಹಳದಿ ಸ್ಪೋರ್ಟ್ಸ್ ಕಾರು. ಇಪ್ಪತ್ತೊಂದು ವರ್ಷ ಓಡಿ ಸವೆದು, ನೀಲಿ ಹೊಗೆ ಬಿಡತೊಡಗಿತ್ತು.

"ಪಿಸ್ಟನ್ ರಿಂಗ್ ಸವೆದು ಹೋಗಿದೆ. ನಾನೂರು ಡಾಲರ್, ಅಷ್ಟೇ," ಎಂದು ಓರಿನ್ ಅಡುಗೆಮನೆಯ ಮೇಜಿನ ಮೇಲೆ ಒಂದು ಹಾಳೆ ಹರಡಿ ಬರೆದ. ಪೆನ್ಸಿಲನ್ನು ಕೆಳಗಿಡಲೇ ಇಲ್ಲ.

"ಹೆಂಗೂ ಇಂಜಿನ್ ಬಿಚ್ತೀವಲ್ಲ ಲವಾನ್, ಸಿಲಿಂಡರ್‌ಗೂ ಬೋರ್ ಹೊಡಿಸಿ ಅಗಲ ಮಾಡ್ಸಿಬಿಟ್ರೆ?"

"ಹೊಡಿಸು."

"ಬೋರ್ ದೊಡ್ಡದಾದ್ಮೇಲೆ ಪಿಸ್ಟನ್ನೂ ದೊಡ್ಡದೇ ಬೇಕಲ್ಲ? ಪಿಸ್ಟನ್ ದೊಡ್ಡದು ಹಾಕಿ, ಅದನ್ನ ಮೇಲೆ ಕೆಳಗೆ ಆಡ್ಸೋ ಕ್ರ್ಯಾಂಕ್ ಮಾತ್ರ ಹಳೇದೇ ಯಾಕೆ ಇಟ್ಕೋಬೇಕು?"

ಆಮೇಲೆ ಕಾಫಿ ಲೋಟದೊಳಗೆ ಚಮಚೆಯನ್ನು ಮೇಲೆ ಕೆಳಗೆ ಆಡಿಸುತ್ತಾ ನನಗೆ ಪಾಠ ಹೇಳಿದ. "ನೋಡು, ನಮ್ಮ ಪಿಸ್ಟನ್ ಈಗ ಎಪ್ಪತ್ತೊಂಬತ್ತು ಮಿಲಿಮೀಟರ್ ಓಡಾಡುತ್ತೆ. ಇದೇ ಕಂಪನಿಯ ಹಳೇ ಡೀಸೆಲ್ ಕಾರಿನ ಕ್ರ್ಯಾಂಕ್ ತಂದು ಹಾಕಿದ್ರೆ ಎಂಬತ್ಮೂರು. ನಾಲ್ಕೇ ನಾಲ್ಕು ಮಿಲಿಮೀಟರ್! ಪ್ರತಿ ಸಲಾನೂ ಒಂದೊಂದು ಗುಟುಕು ಪೆಟ್ರೋಲು ಗಾಳಿ ಜಾಸ್ತಿ ಕುಡಿಯುತ್ತೆ."

"ಕುಡಿದು?"

"ಕುಡಿದು ಹಾರುತ್ತೆ ಕಣೇ!"

ಕಾಫಿ ಮೇಜಿನ ಮೇಲೆಲ್ಲ ಚೆಲ್ಲಿತ್ತು. ಒರೆಸಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಆಗಲೇ ನನಗೆ ಗೊತ್ತಾಯಿತು, ಇದು ರಿಂಗಿನ ವಿಷಯವಲ್ಲ ಎಂದು.

ನನ್ನ ಬಗ್ಗೆಯೂ ಹೇಳಬೇಕಲ್ಲ. ನಾನು ಶಾಲೆಯ ಬಸ್ಸು ಓಡಿಸುವವಳು. ಇಪ್ಪತ್ತೆರಡು ವರ್ಷ, ಅರವತ್ತು ಮಕ್ಕಳ ಗಲಾಟೆ ಬೆನ್ನಿಗೆ ಕಟ್ಟಿಕೊಂಡು, ಐವತ್ತೈದು ಮೈಲಿಗಿಂತ ಜೋರಾಗಿ ಓಡದ ಹಳದಿ ಡಬ್ಬ. 'ಹಾರುತ್ತೆ' ಎಂದಾಗ ನನ್ನ ಬಲಗಾಲಿನ ಹೆಬ್ಬೆರಳು ತಾನಾಗಿ ಒತ್ತಿಕೊಂಡಿತು. ಹಾಳೆಯನ್ನು ನನ್ನ ಕಡೆ ಎಳೆದುಕೊಂಡೆ.

"ಬಣ್ಣ ಬರ್ಕೋ," ಎಂದೆ. "ಕೆಂಪು. ಹಳದಿ ನೋಡಿ ನೋಡಿ ಸಾಕಾಗಿದೆ ನಂಗೆ."

ಅಡುಗೆಮನೆಗೆ ಹೊಸ ಕಪಾಟು ಮಾಡಿಸಲೆಂದು ನಾಲ್ಕು ಸಾವಿರ ಡಾಲರ್ ಕೂಡಿಟ್ಟಿದ್ದೆವು. ಮೂರು ವಾರ ಬಿಟ್ಟು ಒಂದು ಭಾನುವಾರದ ಹೊತ್ತಿಗೆ ಹಾಳೆಯ ಮೊತ್ತ ಆರು ಸಾವಿರದ ನಾನೂರ ಐವತ್ತಕ್ಕೆ ಏರಿತ್ತು. ಆ ಕಪಾಟಿನ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಎತ್ತಿದರೆ ನಗು ಬರುತ್ತಿತ್ತು. ಚರ್ಚಿನಲ್ಲಿ ಪಾದ್ರಿಗಳು ದುರಾಸೆಯ ಬಗ್ಗೆ ಮಾತಾಡುತ್ತಿರುವಾಗಲೇ ಓರಿನ್ ಕಾಣಿಕೆ ಕವರಿನ ಹಿಂಬದಿಗೆ 'ಮೂರು ಕಾರ್ಬೊರೇಟರ್, ಇಟಲಿಯದು' ಎಂದು ಬರೆದು ನನ್ನ ತೊಡೆಯ ಮೇಲಿಟ್ಟ. ನಾನು ಕೆಮ್ಮಿದಂತೆ ನಟಿಸಿ ಹೊರಗೋಡಬೇಕಾಯಿತು.

ಎಲ್ಲ ಸರಿ, ಮುಖ್ಯವಾದದ್ದೇ ಸಿಕ್ಕಿರಲಿಲ್ಲ. ಆ ಡೀಸೆಲ್ ಕಾರು ಬಂದದ್ದೇ ಎರಡು ಮೂರು ವರ್ಷ, ಮಾರಾಟವಾದದ್ದೂ ಕಡಿಮೆ. ಹನ್ನೊಂದು ಗುಜರಿಯವರಿಗೆ ಫೋನ್ ಮಾಡಿದ್ದೆವು. ನೆಬ್ರಾಸ್ಕಾದವನು, "ಸಿಕ್ರೆ ನಂಗೂ ಒಂದು ಹೇಳಿ," ಎಂದು ನಕ್ಕು ಫೋನಿಟ್ಟಿದ್ದ.

ಪ್ರಾರ್ಥನೆ ಮುಗಿದು ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಹೊರಗೆ ಯಾರೋ ಕಾರನ್ನು ಬಾಗಿಲ ಹತ್ತಿರಕ್ಕೆ ತಂದು, ಸ್ಟಾರ್ಟಿನಲ್ಲೇ ಬಿಟ್ಟು ಒಳಗೆ ಬಂದ ಹಾಗಿತ್ತು. ಟಕಟಕಟಕ ಎಂದು ಡಬ್ಬದಲ್ಲಿ ಗೋಲಿ ಕುಲುಕಿದಂಥ ಸದ್ದು. ಓರಿನ್ ಬಾಯಿಗಿಟ್ಟ ಕೇಕನ್ನು ಅಗಿಯುವುದನ್ನೇ ನಿಲ್ಲಿಸಿದ.

"ಲವಾನ್. ಡೀಸೆಲ್."

ಎಪ್ಪತ್ತೊಂದು ವರ್ಷದ ಮಿಸೆಸ್ ವರ್ಡಾ ಕ್ಲೂಸ್ಟರ್ ಅವರ ಕಂದು ಬಣ್ಣದ ಮ್ಯಾಕ್ಸಿಮಾ, ನಾವು ಹುಡುಕುತ್ತಿದ್ದ ಅದೇ ಡೀಸೆಲ್ ಕಾರು! ಹತ್ತು ವರ್ಷದಿಂದ ಪ್ರತಿ ಭಾನುವಾರ ನಮ್ಮ ಪಕ್ಕದಲ್ಲೇ ನಿಲ್ಲುತ್ತಿತ್ತು. ನಾನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಓರಿನ್ ಅದರ ಕೀಲಿ ತಿರುಗಿಸಿ ನಿಲ್ಲಿಸಿ, ಸೂಟು ಟೈ ಸಮೇತ ಅಂಗಾತ ಮಲಗಿ ಅರ್ಧ ಅದರಡಿಗೆ ಹೋಗಿಬಿಟ್ಟಿದ್ದ. ನನ್ನ ಹಿಂದೆಯೇ ಅಡುಗೆ ಪಾತ್ರೆ ಹಿಡಿದು ವರ್ಡಾ ಬಂದರು.

"ಯಾರಪ್ಪಾ ಅದು, ನನ್ನ ಕಾರಿನಡಿ ಮಲಗಿರೋದು?"

"ನಮ್ಮನೆಯವನು, ಮಿಸೆಸ್ ಕ್ಲೂಸ್ಟರ್," ಎಂದೆ.

"ಸತ್ತಿದ್ದಾನಾ?"

"ಇಲ್ಲ. ಖುಷಿಯಾಗಿದ್ದಾನೆ."

ಓರಿನ್ ಎಣ್ಣೆ ಹತ್ತಿದ ಹಣೆಯೊಂದಿಗೆ ಎದ್ದು ಕೂತು, ಜೇಬಿನಿಂದ ಹಾಳೆ ತೆಗೆದು, ಉಸಿರು ಬಿಡದೆ ಎಲ್ಲ ಹೇಳಿದ. ಮುದುಕಿ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, "ಆ ಹಾಳೆ ಕೊಡು ಇಲ್ಲಿ," ಎಂದರು. ಕನ್ನಡಕ ಏರಿಸಿ ಬಾನೆಟ್ಟಿನ ಮೇಲೆ ಹರಡಿಕೊಂಡು ಓದಿದರು. ಚರ್ಚಿನಲ್ಲಿ ಹೂ ಜೋಡಿಸುವ ಈ ಹೆಂಗಸು ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕ್ರ್ಯಾಂಕ್ ಉಜ್ಜುವ ಯಂತ್ರದ ಮುಂದೆ ನಿಂತವರೆಂದು ನಮಗೇನು ಗೊತ್ತು!

"ಏನಪ್ಪಾ ಇದು? ನಾಲ್ಕು ಮಿಲಿಮೀಟರ್ ಅಂದ್ರೆ ಮೇಲಕ್ಕೆರಡು, ಕೆಳಕ್ಕೆರಡು. ಕೆಳಗಿಂದು ಇರ್ಲಿ, ಮೇಲಿನ ಎರಡು ಎಲ್ಲಿಗೆ ಹೋಗುತ್ತೆ?"

ಓರಿನ್ ಹಾಳೆಯ ಮೇಲೆ ಬಗ್ಗಿ ಬೆರಳೆಣಿಸತೊಡಗಿದ.

"ಇಂಜಿನ್ನಿನ ಮೇಲಿನ ಮುಚ್ಚಳಕ್ಕೆ, ಹೆಡ್ಡಿಗೆ ಹೋಗಿ ಗುದ್ದುತ್ತೆ! ಮೋಟು ಪಿಸ್ಟನ್ ಬೇಕು ನಿಂಗೆ, ಇದಲ್ಲ. ಬ್ಯಾಲೆನ್ಸ್ ಮಾಡ್ಸೋಕೆ ದುಡ್ಡೆಲ್ಲಿ ಇಟ್ಟಿದ್ದೀಯ? ಕ್ರ್ಯಾಂಕ್ ಬೇರೆ, ಪಿಸ್ಟನ್ ಬೇರೆ, ಒಂದೇ ತೂಕಕ್ಕೆ ತರದೆ ತಿರುಗ್ಸಿದ್ರೆ ನಿನ್ನ ಹಲ್ಲು ಉದುರುತ್ತೆ." ಪೆನ್ಸಿಲ್ ಕಿತ್ತುಕೊಂಡು ಇನ್ನೂರ ಇಪ್ಪತ್ತು ಸೇರಿಸಿದರು. "ಇಟಲಿ ಕಾರ್ಬೊರೇಟರ್ ಮೂರು? ಯಾರಿಗೆ ತೋರ್ಸೋಕೆ? ಇರೋದನ್ನೇ ಸರಿಯಾಗಿ ಹೊಂದಿಸು." ಆ ಸಾಲಿಗೆ ಅಡ್ಡ ಗೀಟು. "ಕೆಂಪು ಬಣ್ಣ?" ಗೀಟು.

"ಅದು ನಂದು!" ಎಂದೆ ನಾನು.

"ಬಣ್ಣದಿಂದ ಕಾರು ಓಡಲ್ಲಮ್ಮ."

ಕ್ರ್ಯಾಂಕಿನ ಸಾಲಿಗೆ ಬಂದಾಗ ಪೆನ್ಸಿಲ್ ನಿಂತಿತು. ಅವರ ಕಾರಿನ ತಳವೆಲ್ಲ, ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ತಿಂದು ತುಕ್ಕಾಗಿತ್ತು. ಅದನ್ನೇನೋ ಕೊಡುತ್ತಾರಂತೆ, ಆದರೆ ಚಳಿಗಾಲದಲ್ಲಿ ಓಡಾಡುವುದು ಹೇಗೆ? ಅವರ ಕಣ್ಣು ಮೆಲ್ಲಗೆ ಆಚೆ ನಿಂತಿದ್ದ ನನ್ನ ಬ್ಯೂಕ್ ಕಾರಿನ ಮೇಲೆ ಹೋಯಿತು.

"ಅದರಲ್ಲಿ ಹೀಟರ್ ಕೆಲಸ ಮಾಡುತ್ತಾ?"

ಓರಿನ್ ನನ್ನತ್ತ ತಿರುಗಿದ ಬಗೆ! ಮದುವೆಗೆ ಕೇಳಿದಾಗಲೂ ಅವನು ಹಾಗೆ ನೋಡಿರಲಿಲ್ಲ.

"ಬೆಂಕಿ ಥರ ಮಾಡುತ್ತೆ," ಎಂದು ಕೀಲಿಯನ್ನು ವರ್ಡಾ ಅವರ ಅಂಗೈಗೆ ಹಾಕಿದೆ.

ಒಟ್ಟು ಮೊತ್ತ ಮೂರು ಸಾವಿರದ ಏಳುನೂರ ಎಪ್ಪತ್ತಕ್ಕೆ ಇಳಿಯಿತು. ಓರಿನ್ ಎರಡಲ್ಲ, ಐದು ಸಲ ಕೂಡಿದ. ಆ ಟಕಟಕ ಗಾಡಿಯಲ್ಲಿ ಮನೆಗೆ ಹೋಗುವಾಗ ಇಬ್ಬರೂ ಜೋರಾಗಿ ಹಾಡಿದೆವು. ಓರಿನ್‌ಗೆ ಹಾಡಲು ಬರುವುದಿಲ್ಲ.

ಮಾರನೆಯ ವಾರವೇ ಆ ಕಾರನ್ನು ಬಿಚ್ಚಿದೆವು. ಬೇಸಿಗೆಯಿಡೀ ನಾನು ಎಲ್ಲಿಗೆ ಹೋಗುವುದಿದ್ದರೂ ಓರಿನ್‌ನ ಲಡಕಾಸಿ ಪಿಕಪ್ಪೇ ಗತಿ. ವರ್ಡಾ ಶನಿವಾರಕ್ಕೊಮ್ಮೆ ನನ್ನ ಬ್ಯೂಕಿನಲ್ಲಿ ಬಂದು, ಮೈಕ್ರೋಮೀಟರಿನಲ್ಲಿ ಅಳೆದು, ಓರಿನ್‌ನನ್ನು ಬೈದು, ನನ್ನ ರೂಬಾರ್ಬ್ ಪೈ ತಿಂದು ಹೋಗುತ್ತಿದ್ದರು. ಸೆಪ್ಟೆಂಬರಿನಲ್ಲಿ ಡಾಟ್ಸನ್ನಿನ ಇಂಜಿನ್ ಗುರ್ರೆಂದು ಎದ್ದಿತು. ಮೊದಲ ಐನೂರು ಮೈಲಿ ಮೆಲ್ಲಗೆ ಓಡಿಸಬೇಕು. ಓರಿನ್ ಕಾಲಡಿ ಮೊಟ್ಟೆ ಇಟ್ಟುಕೊಂಡವನ ಹಾಗೆ ಓಡಿಸಿದ.

ಐನೂರು ಮುಗಿದ ದಿನ ವರ್ಡಾ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಂದು, ಕೇಳದೆ ಪಕ್ಕದ ಸೀಟಿನಲ್ಲಿ ಕೂತರು. ಓರಿನ್ ಮತ್ತು ನಾನು ಮುಖ ಮುಖ ನೋಡಿಕೊಂಡೆವು. ಉಳಿದದ್ದು ಒಂದೇ ಸೀಟು. ಕೀಲಿ ನನ್ನ ಕೈಯಲ್ಲಿತ್ತು.

ಜೋಳದ ಹೊಲಗಳ ನಡುವಿನ ನೇರ ರಸ್ತೆಗೆ ಬಂದಾಗ ವರ್ಡಾ, "ಹೂಂ," ಎಂದರು. ನಾನು ಒತ್ತಿದೆ. ಇಂಜಿನ್ ಗುಡುಗಿತು, ಬೆನ್ನು ಸೀಟಿಗೆ ಅಂಟಿಕೊಂಡಿತು. ಸ್ಕಾರ್ಫ್ ಕಿಟಕಿಯಿಂದ ಹಾರಿ ಹೋಯಿತು. ಮುದುಕಿ ಶಾಲೆಯ ಹುಡುಗಿಯ ಹಾಗೆ ಕಿರುಚಿದರು; ನಾನೂ ಕಿರುಚಿದೆ. ಹೊಲ ಕೊಯ್ಯುತ್ತಿದ್ದವನು ಯಂತ್ರ ನಿಲ್ಲಿಸಿ ನೋಡಿದ.

"ಸ್ಕಾರ್ಫ್ ತಗೊಂಡ್ ಬರೋಣ್ವಾ?" ಎಂದು ಕೇಳಿದೆ.

"ಹಾಳಾಗ್ಲಿ ಬಿಡು, ಇನ್ನೊಂದ್ ಸಲ ಒತ್ತು!"

ಮುಕ್ಕಾಲು ಗಂಟೆ ಬಿಟ್ಟು ಅಂಗಳಕ್ಕೆ ಬಂದಾಗ ಓರಿನ್ ದಾರಿಯಲ್ಲೇ ನಿಂತು ಕೀಲಿಗೆ ಕೈ ಚಾಚಿದ್ದ. ನಾನು ಗಾಜು ಇಳಿಸಿ ಅವನ ಕೆನ್ನೆಗೊಂದು ಮುತ್ತು ಕೊಟ್ಟು, ಗಾಡಿಯನ್ನು ಮತ್ತೆ ರಸ್ತೆಯ ಕಡೆಗೇ ತಿರುಗಿಸಿದೆ.