ತಡಮೆಯ ಮಹಜರು

ಟೇಪು ಹಿಡಿದ ಸರ್ಕಾರಿ ಜನ ಬಂದು ನಿಮ್ಮ ಗದ್ದೆಯಲ್ಲಿ ದಾರಿ ಇದೆಯಾ ಎಂದು ಕೇಳಿದರೆ ಇಲ್ಲ ಅನ್ನಬೇಕು. ನಮ್ಮಪ್ಪ ಹಾಗೇ ಅನ್ನುತ್ತಿದ್ದ, ಅವನಪ್ಪನೂ ಹಾಗೇ ಅನ್ನುತ್ತಿದ್ದನಂತೆ. ಇದೆ ಅಂದರೆ ಬರೆದುಕೊಳ್ಳುತ್ತಾರೆ, ಬರೆದುಕೊಂಡದ್ದು ನಕಾಶೆ ಸೇರುತ್ತದೆ, ನಕಾಶೆ ಸೇರಿದ ಕಾಲುದಾರಿಗೆ ಮುಂದೊಂದು ದಿನ ಜಲ್ಲಿ ಬೀಳುತ್ತದೆ. ಆದ್ದರಿಂದ ಜನವರಿಯ ಆ ಮಂಗಳವಾರ ಜೀಪಿನಿಂದ ಇಳಿದ ಮೇಡಂ ಒಬ್ಬರು ನನ್ನನ್ನು ಹಾಗೆ ಕೇಳಿದಾಗ, ಇಲ್ಲ ಮೇಡಂ ಎಂದುಬಿಟ್ಟೆ. ಯಾವ ಇಲಾಖೆ, ಯಾಕೆ ಕೇಳುತ್ತೀರಿ ಎಂದು ನಾನು ಕೇಳಲಿಲ್ಲ. ಐವತ್ತಾರು ವರ್ಷದ ನನ್ನ ಬುದ್ಧಿಗೆ ಅದೊಂದು ಹೊಳೆಯಲಿಲ್ಲ.

ನಮ್ಮದು ಸೊರಬ ತಾಲೂಕಿನ ಜಡೆ ರಸ್ತೆಯ ಮೇಲಿನ ಹದಿನೆಂಟು ಮನೆಯ ಹಳ್ಳಿ. ಮನೆಗಳೆಲ್ಲ ರಸ್ತೆ ಬದಿಗೆ, ಶಾಲೆ ಗದ್ದೆಯ ಆಚೆಗೆ. ನಡುವೆ ಇರುವುದು ನನ್ನ ಒಂದೂವರೆ ಎಕರೆ. ಟಾರು ರಸ್ತೆಯಲ್ಲೇ ಶಾಲೆಗೆ ಹೋಗುತ್ತೇನೆಂದರೆ ಕೆರೆ ಏರಿ ಸುತ್ತಿ ಬರಬೇಕು. ಅಷ್ಟು ಸುತ್ತುವವರು ಕಾರಿನವರು ಮಾತ್ರ. ಉಳಿದವರು ನನ್ನ ಗದ್ದೆಯ ಬದುವಿನ ಮೇಲೆ ನಡೆದು, ಶಾಲೆಯ ಬೇಲಿಯಲ್ಲಿರುವ ತಡಮೆ ದಾಟಿ ಹೋಗುತ್ತಾರೆ. ತಡಮೆ ಅಂದರೆ ದೊಡ್ಡದೇನಲ್ಲ. ಎರಡು ಗೂಟ, ನಡುವೆ ಮೊಣಕಾಲೆತ್ತರಕ್ಕೆ ಅಡ್ಡ ನಿಲ್ಲಿಸಿದ ಒಂದು ಚಪ್ಪಡಿ ಕಲ್ಲು. ಮನುಷ್ಯರು ಕಾಲೆತ್ತಿ ದಾಟುತ್ತಾರೆ, ದನ ಈಚೆಗೇ ನಿಂತು ನೋಡುತ್ತದೆ. ನನ್ನ ಹೆಂಡತಿ ತುಂಗಮ್ಮ ಆ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಬಿಸಿಯೂಟ ಮಾಡುತ್ತಾಳೆ, ದಿನಕ್ಕೆರಡು ಸಲ ಆ ಕಲ್ಲು ದಾಟುತ್ತಾಳೆ. ಇಷ್ಟಿದ್ದೂ ನಾನು ದಾರಿ ಇಲ್ಲ ಎಂದೆ.

ನನ್ನ ಸುಳ್ಳಿಗೆ ಅವತ್ತು ಸಾಕ್ಷಿಯೂ ಸಿಕ್ಕಿತು. ಭತ್ತದ ಕೊಯ್ಲಾದ ಮೇಲೆ ಶಿಕಾರಿಪುರದ ಕಡೆಯಿಂದ ಗುಡ್ಡಪ್ಪ ವರ್ಷಾ ವರ್ಷಾ ಕುರಿ ಹೊಡೆದುಕೊಂಡು ಬಂದು, ಗೊಬ್ಬರವಾಗಲೆಂದು ನಮ್ಮ ಗದ್ದೆಯಲ್ಲಿ ನಾಲ್ಕು ದಿನ ಮಂದೆ ನಿಲ್ಲಿಸುತ್ತಾನೆ. ಕುರಿಗೆ ತಡಮೆ ಒಂದು ಲೆಕ್ಕವೇ ಅಲ್ಲ, ನೆಗೆದುಬಿಡುತ್ತದೆ. ಹಾಗಾಗಿ ಆ ನಾಲ್ಕು ದಿನ ತಡಮೆಗೆ ಮುಳ್ಳು ತುಂಬಿ ಮುಚ್ಚುವುದು, ಶಾಲೆ ಮಕ್ಕಳು ಏರಿ ಸುತ್ತಿ ಹೋಗುವುದು ವಾಡಿಕೆ. ಮೇಡಂ ಬಂದದ್ದು ಅದರ ಎರಡನೇ ದಿನ.

"ದಾರಿ ಎಲ್ಲಿಂದ ಬರಬೇಕ್ರೀ ಮೇಡಂ," ಎಂದ ಗುಡ್ಡಪ್ಪ. ಅವನಿಗೆ ತಾನು ಕಟ್ಟಿದ ಮುಳ್ಳುಬೇಲಿಯ ಮೇಲೆ ಬಲು ಅಭಿಮಾನ. "ಇರುವಿ ಸೈತ ಹಾಯಾಕ ಆಗಂಗಿಲ್ಲ ನೋಡ್ರಿ."

ಮೇಡಂ ಬರೆದುಕೊಂಡರು. ನಾನು ಮಜ್ಜಿಗೆ ತರಿಸಿ ಕೊಟ್ಟೆ. ಅವರು ಚಾಚಿದ ಕಾಗದಕ್ಕೆ, ಓದದೆ, ನಗುತ್ತಾ ಸಹಿ ಹಾಕಿದೆ.

ಎರಡು ದಿನ ಬಿಟ್ಟು ಶಾಲೆಯ ನಯನ ಟೀಚರ್ ಆ ಕಾಗದದ ನಕಲು ಹಿಡಿದು ನಮ್ಮ ಮನೆಗೆ ಬಂದರು. ಅದೊಂದು ಮಹಜರು. ಮೇಡಂ ಹೆಸರು ನಾಗವೇಣಿ, ಅಬಕಾರಿ ಇನ್‌ಸ್ಪೆಕ್ಟರು. ಈಗ ಮದ್ಯದಂಗಡಿ ಲೈಸೆನ್ಸೂ ಆನ್‌ಲೈನ್ ಹರಾಜಿನಲ್ಲಿ ಸಿಗುತ್ತದೆ. ಶಿಕಾರಿಪುರದ ಕಂಟ್ರಾಕ್ಟರ್ ಸುರೇಂದ್ರ ಒಂದನ್ನು ಕೂಗಿ ಹಿಡಿದಿದ್ದ. ನನ್ನ ಗದ್ದೆಯ ಅಂಚಿಗೆ, ರಸ್ತೆ ಬದಿಯಲ್ಲಿ ಅವನು ಕಟ್ಟಿಸುತ್ತಿದ್ದ ಕಟ್ಟಡ ಸಿಮೆಂಟಿನ ಗೋಡೌನೆಂದು ನಾವು ತಿಳಿದಿದ್ದೆವು. ಗುಡವಿಗೆ ಹಕ್ಕಿ ನೋಡಲು ಹೋಗುವವರೆಲ್ಲ ಅಲ್ಲಿ ಇಳಿದು ಹೋಗಲಿ ಎಂಬುದು ಅವನ ಎಣಿಕೆ.

"ಶಾಲೆಯಿಂದ ನೂರು ಮೀಟರ್ ಒಳಗೆ ಅಂಗಡಿ ಆಗೋ ಹಂಗಿಲ್ಲ ರಾಜಪ್ಪೋರೆ," ಎಂದರು ಟೀಚರ್. "ಅಳೆಯೋದು ಜನ ಸಾಮಾನ್ಯವಾಗಿ ನಡೆದು ಹೋಗೋ ಹತ್ತಿರದ ದಾರೀಲಿ. ಏರಿ ಮೇಲೆ ಅಳೆದು ಮುನ್ನೂರ ಹತ್ತು ಅಂತ ಬರೆದಿದಾರೆ. ಇಲ್ನೋಡಿ. 'ಜಮೀನಿನ ಮಾಲೀಕ ರಾಜಪ್ಪನ ಹೇಳಿಕೆಯಂತೆ ಬೇರೆ ದಾರಿ ಇರುವುದಿಲ್ಲ.'"

ಅದರ ಕೆಳಗೆ ನನ್ನ ಸಹಿ ಇತ್ತು, ಬಾಲ ಎಳೆದು ಸೊಗಸಾಗಿ ಹಾಕಿದ್ದು.

ನಾನು ಮಡಿವಂತನೇನಲ್ಲ. ಸೊರಬದ ಸಂತೆಗೆ ಹೋದ ದಿನ ಒಂದು ಕ್ವಾರ್ಟರ್ ನನಗೂ ಬೇಕು. ಆದರೆ ಶಾಲೆಯಲ್ಲಿ ಈಗ ಉಳಿದಿರುವುದು ಹದಿಮೂರು ಮಕ್ಕಳು, ಅದರಲ್ಲಿ ಎಂಟು ಹೆಣ್ಣುಮಕ್ಕಳು. ಬದುವಿಗೆ ಇಳಿಯಬೇಕಾದರೆ ಅವರು ಆ ಅಂಗಡಿಯ ಮುಂದೆಯೇ ಹಾಯಬೇಕು. ಅಂಗಡಿ ಬಾಗಿಲು ತೆಗೆದ ದಿನವೇ ಮಕ್ಕಳನ್ನು ಸೊರಬದ ಸ್ಕೂಲ್ ವ್ಯಾನಿಗೆ ಹತ್ತಿಸುತ್ತೇವೆಂದು ಮನೆಮನೆಯಲ್ಲೂ ಹೇಳಿಬಿಟ್ಟರು. ಮಕ್ಕಳಿಲ್ಲದ ಶಾಲೆಗೆ ಸರ್ಕಾರ ಬೀಗ ಹಾಕುತ್ತದೆ. ನಾನು ಅಕ್ಷರ ಕಲಿತ ಶಾಲೆಗೆ, ತುಂಗಮ್ಮ ಅನ್ನ ಬೇಯಿಸುವ ಶಾಲೆಗೆ, ನನ್ನದೇ ಸಹಿಯಿಂದ ಬೀಗ ಬೀಳುವುದರಲ್ಲಿತ್ತು.

ತುಂಗಮ್ಮ ಬೈಯಲಿಲ್ಲ. "ಹಂಗಾರೆ ಇಷ್ಟು ವರ್ಷ ನಾನು ಶಾಲೆಗೆ ಹಾರಿ ಹೋಗ್ತಿದ್ನಾ?" ಎಂದು ಒಂದೇ ಮಾತು ಕೇಳಿದಳು. ಆಮೇಲೆ ನನ್ನೊಡನೆ ಮಾತು ನಿಲ್ಲಿಸಿದಳು. ತಟ್ಟೆ ನನ್ನ ಮುಂದೆ ಬರುತ್ತಿತ್ತು, ಊಟಕ್ಕೆ ಬನ್ನಿ ಎಂಬ ಮಾತು ಬರುತ್ತಿರಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಟೀಚರ್ ತಕರಾರು ಅರ್ಜಿ ಬರೆದರು. ಮೊದಲು ನಾನು ಹೇಳಿದ್ದು ಸುಳ್ಳು ಎಂದು ಅದರಲ್ಲಿ ಬರೆಸಿ ಈ ಸಲ ಬಾಲ ಎಳೆಯದೆ ಸಹಿ ಹಾಕಿದೆ. ಮರು ಅಳತೆಗೆ ಫೆಬ್ರವರಿ ಎರಡನೇ ಶುಕ್ರವಾರ ಎಂದು ನೋಟೀಸು ಬಂತು. ಅಷ್ಟರಲ್ಲಿ ಗುಡ್ಡಪ್ಪ ಮುಳ್ಳು ಕಿತ್ತು, ಕುರಿ ಹೊಡೆದುಕೊಂಡು ಕುಪ್ಪಗಡ್ಡೆ ಕಡೆ ದಾಟಿದ್ದ.

ಆ ಶುಕ್ರವಾರ ಶಾಲೆಯ ಅಂಗಳದಲ್ಲಿ ಊರಿಗೆ ಊರೇ ನಿಂತಿತ್ತು. ಸುರೇಂದ್ರ ಬಿಳಿ ಅಂಗಿ ತೊಟ್ಟು ಬಂದಿದ್ದ. ಅವನ ಕಡೆಯಿಂದ ಟೇಪಿನ ತುದಿ ಹಿಡಿದವನು ನಮ್ಮೂರಿನವನೇ ಆದ ಗಾರೆಯವನು ಕಲ್ಲಪ್ಪ. ದೀಪಾವಳಿಯಿಂದ ಅವನಿಗೆ ಆ ಕಟ್ಟಡದಲ್ಲೇ ಕೆಲಸ. ಕೂಲಿ ಕೊಡುವವನ ಎದುರು ಅವನು ನಮ್ಮ ಮುಖ ನೋಡುತ್ತಿರಲಿಲ್ಲ, ನಾವೂ ಅವನನ್ನು ಮಾತಾಡಿಸಲಿಲ್ಲ.

"ಆವತ್ತು ದಾರಿ ಇಲ್ಲ ಅಂದೋರು ಇವತ್ತು ಐತಿ ಅಂದ್ರ ಹೆಂಗ ನಂಬೋದ್ರೀ ಮೇಡಂ?" ಎಂದ ಸುರೇಂದ್ರ. "ಆ ಕಲ್ಲು ಹೋದ ವಾರ ತಂದು ನಿಲ್ಸಿರಬೌದು. ಹುಡುಗ್ರಿಗೆ ಹೇಳ್ಕೊಟ್ಟು ದಾಟಿಸಬೌದು." ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದ. "ರಾಜಪ್ಪೋರೆ, ದಾರಿ ಅಂತ ರೆಕಾರ್ಡಿಗೆ ಬಂತು ಅಂದ್ರ ನಿಮ್ಮ ಗದ್ದಿ ಕಥೆ ಮುಗೀತು. ವಿಚಾರ ಮಾಡ್ರಿ."

ಬಡ್ಡೀಮಗ ನನ್ನ ಹೊಟ್ಟೆಯೊಳಗಿನ ಭಯವನ್ನೇ ಹೆಕ್ಕಿ ತೆಗೆದಿದ್ದ. ಅಪ್ಪ, ಅಜ್ಜ ಇಬ್ಬರೂ ಕಣ್ಣಮುಂದೆ ಬಂದರು. ತುಂಗಮ್ಮ ಅಡುಗೆ ಕೋಣೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು.

"ಬರ್ಕಳಿ ಮೇಡಂ," ಎಂದೆ. "ದಾರಿ ಇದೆ. ನಮ್ಮಜ್ಜನ ಕಾಲದಿಂದ ಇದೆ. ನಾನು ಆವತ್ತು ಗದ್ದೆ ಹೋಗ್ತದೆ ಅಂತ ಹೆದರಿ ಸುಳ್ಳು ಹೇಳ್ದೆ."

ನಾಗವೇಣಿ ಮೇಡಂ ಪೆನ್ನು ಎತ್ತಲಿಲ್ಲ. "ಎರಡು ಹೇಳಿಕೆ, ಎರಡೂ ನಿಮ್ದೇ," ಎಂದರು. "ಯಾವುದನ್ನ ನಂಬಲಿ, ನೀವೇ ಹೇಳಿ."

ಮೇಡಂ ಸುರೇಂದ್ರನ ಕಡೆ ತಿರುಗಿ, ಅಂಗಡಿಯ ಬಾಗಿಲು ಎಲ್ಲಿ ಬರುತ್ತದೆಂದು ನೋಡಬೇಕು, ಕಟ್ಟಡದ ಪ್ಲಾನು ಕೊಡಿ ಎಂದರು. ಪ್ಲಾನು ಕಟ್ಟಡದಲ್ಲೇ ಉಳಿದಿತ್ತು.

"ಕಲ್ಲಪ್ಪಾ, ಮೇಜಿನ ಮ್ಯಾಲೆ ಐತಿ ನೋಡು. ಲಗೂನ ತಗಂಬಾ," ಎಂದ ಸುರೇಂದ್ರ.

ಕಲ್ಲಪ್ಪ ಟೇಪು ಕೆಳಗಿಟ್ಟ. ಏರಿಯ ಕಡೆ ತಲೆಯನ್ನೂ ತಿರುಗಿಸಲಿಲ್ಲ. ನೇರ ಬೇಲಿಯ ಹತ್ತಿರ ಹೋಗಿ, ಎಡಗೈಯನ್ನು ಗೂಟದ ಮೇಲಿಟ್ಟು, ಬಲಗಾಲೆತ್ತಿ ತಡಮೆ ದಾಟಿ, ಬದುವಿನ ಮೇಲೆ ಓಡಿದ. ಸುರೇಂದ್ರ ಕರೆಯಲು ಬಾಯಿ ತೆರೆದ, ಆದರೆ ಮೇಡಂ ಆಗಲೇ ವಾಚು ನೋಡಿಕೊಳ್ಳುತ್ತಿದ್ದರು. ಎರಡೇ ನಿಮಿಷಕ್ಕೆ ಕಲ್ಲಪ್ಪ ಪ್ಲಾನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಅದೇ ಗೂಟ ಹಿಡಿದು, ಅದೇ ಕಲ್ಲು ದಾಟಿ, ಕಾಗದವನ್ನು ಧಣಿಯ ಕೈಗೆ ಕೊಟ್ಟ.

"ಯಾವ ಕಡೆಯಿಂದ ಹೋದ್ರಿ?" ಎಂದು ಮೇಡಂ ಕೇಳಿದರು.

ಕಲ್ಲಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇಲ್ಲೇ ಮೇಡಂ. ಮತ್ತೆಲ್ಲಿಂದ ಹೋಗೋದು?"

"ದಿನಾ ಹೀಗೇನಾ?"

"ಈ ಶಾಲೇಲಿ ಒಂದನೇ ಕ್ಲಾಸಿಗೆ ಸೇರಿದಾಗಿಂದ ಹಿಂಗೇಯ."

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಹೇಳಿದ್ದೇನೆಂದು ಹೊಳೆಯಿತು. ಸುರೇಂದ್ರನ ಮುಖ ನೋಡಿ ತಲೆ ತಗ್ಗಿಸಿದ. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪುಣ್ಯಾತ್ಮ, ಆ ಕ್ಷಣ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯಬೇಕೆನಿಸಿತು ನನಗೆ.

ಮೇಡಂ ತಡಮೆಯ ಹತ್ತಿರ ಹೋಗಿ ಕಲ್ಲಪ್ಪ ಕೈಯಿಟ್ಟ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಊರಿನ ಕೈಗಳೆಲ್ಲ ಹಿಡಿದು ಹಿಡಿದು ಆ ಗೂಟದ ತಲೆ ತೊಟ್ಟಿಲ ಕಾಲಿನಷ್ಟು ನುಣುಪಾಗಿತ್ತು. "ಇದು ಹೋದ ವಾರದ್ದಲ್ಲ ಬಿಡಿ," ಎಂದರು.

"ಆದ್ರ ಅದು ಖಾಸಗಿ ಜಮೀನ್ರೀ ಮೇಡಂ," ಎಂದ ಸುರೇಂದ್ರ.

"ದಾರಿ ಯಾರದು ಅಂತ ನಿಯಮ ಕೇಳಲ್ಲ. ಜನ ಎಲ್ಲಿ ನಡೀತಾರೆ ಅಂತ ಕೇಳುತ್ತೆ. ನಿಮ್ಮ ಜನಾನೂ ಅಲ್ಲೇ ನಡೀತಾರೆ. ಟೇಪು ಹಿಡೀರಿ."

ಟೇಪು ಅಂಗಡಿಯ ಬಾಗಿಲಿನಿಂದ ಬದುವಿಗೆ ಇಳಿಯಿತು, ಬದುವಿನಿಂದ ತಡಮೆಗೆ, ತಡಮೆಯಿಂದ ಶಾಲೆಯ ಬಾಗಿಲಿಗೆ. ಹದಿಮೂರು ಮಕ್ಕಳೂ ಅದರ ಹಿಂದೆಯೇ ಮೆರವಣಿಗೆ ಹೊರಟವು. ಒಟ್ಟು ಎಂಬತ್ತಾರು ಮೀಟರ್. ನಯನ ಟೀಚರ್ ಒಳಗೆ ಹೋಗಿ ಕರಿಹಲಗೆಯ ಉದ್ದಗಲಕ್ಕೂ ಎಂಬತ್ತಾರು ಎಂದು ಬರೆದರು. ಸುರೇಂದ್ರನ ಅಂಗಡಿ ಅರ್ಜಿ ತಿರಸ್ಕರಿಸಿದ ಆದೇಶ ಬಂದದ್ದು ಮೂರು ವಾರದ ಮೇಲೆ. ನಾವು ಗೆದ್ದದ್ದು ಮಾತ್ರ ಅವತ್ತೇ, ಆ ಅಂಗಳದಲ್ಲೇ. ಸುರೇಂದ್ರ ಕಾರು ಹತ್ತಿ ಏರಿ ಸುತ್ತಿಕೊಂಡು ಹೋದ. ಅವನು ಬಿಟ್ಟರೆ ಮಿಕ್ಕವರೆಲ್ಲ ತಡಮೆ ದಾಟಿಯೇ ಮನೆಗೆ ಹೊರಟರು. ಕಲ್ಲಪ್ಪನ ಕೆಲಸ ಹೋಯಿತು. ನನ್ನ ಹೊಸ ಕೊಟ್ಟಿಗೆಯ ಗಾರೆ ಕೆಲಸಕ್ಕೆ ಸೋಮವಾರದಿಂದ ಬಾ ಎಂದು ನಾನು ಅಲ್ಲೇ ಹೇಳಿದೆ.

ಮೇಡಂ ಹೊಸ ಮಹಜರು ಬರೆದು ನನ್ನ ಮುಂದಿಟ್ಟರು. ಕನ್ನಡಕ ಹಾಕಿಕೊಂಡು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದೆ. ನನ್ನ ಗದ್ದೆಯ ಸರ್ವೆ ನಂಬರು, ಅದರಲ್ಲಿ ಸಾರ್ವಜನಿಕರು ನಡೆದಾಡುವ ದಾರಿ, ತಡಮೆ, ಎಲ್ಲವೂ ಸರ್ಕಾರದ ಕಾಗದದ ಮೇಲೆ ಬಂದಿತ್ತು. ಅಜ್ಜ ಇದ್ದಿದ್ದರೆ ಪೆನ್ನು ಕಿತ್ತುಕೊಳ್ಳುತ್ತಿದ್ದ. ನಾನು ಸಹಿ ಹಾಕಿದೆ.

ಅಡುಗೆ ಕೋಣೆಯಲ್ಲಿ ಮಕ್ಕಳಿಗೆ ಬಡಿಸಿ ಮುಗಿದಿತ್ತು. ತುಂಗಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ಇಪ್ಪತ್ತೆರಡು ದಿನದ ಮೇಲೆ ನನ್ನ ಮುಖ ನೋಡಿ ಬಾಯಿ ತೆರೆದಳು.

"ಓದಿ ಸೈನ್ ಹಾಕಿದ್ರಾ?"

"ಎರಡು ಸಲ ಓದ್ದೆ," ಎಂದೆ.

"ಹಂಗಾರೆ ಊಟಕ್ಕೆ ಬನ್ನಿ."