ಧಾರಾಳಿಯ ಅಂಗೈ

"ಒಳಕ್ಕೆ ವಾಲ್ರೋ! ತಿರುವಿನಲ್ಲಿ ನೆಟ್ಟಗೆ ನಿಂತ್ರೆ ಗೋಡೆಗೇ ಬಡೀತೀವಿ!"

ಉದ್ದಣ್ಣನ ಕೂಗಿಗೆ, ಇಕ್ಕಟ್ಟಾದ ಮೆಟ್ಟಿಲಿನಲ್ಲಿ ಸಿಕ್ಕಿಕೊಂಡಿದ್ದ ಶವಪೆಟ್ಟಿಗೆ ಓರೆಯಾಗಿ, ಗೋಡೆಯನ್ನು ಸವರದೆ ಇಳಿಯಿತು. ಹೊತ್ತಿದ್ದ ಮೂವರು ವೃದ್ಧರೂ ಒಂದು ಕಾಲದಲ್ಲಿ ಮಂಜುಗಡ್ಡೆಯ ಮೇಲೆ ಜಾರುವ ಶಾರ್ಟ್ ಟ್ರ್ಯಾಕ್ ಸ್ಕೇಟಿಂಗ್‌ನಲ್ಲಿ ದೇಶದ ತಂಡದವರು. ನಾಲ್ಕನೆಯವನು ಪೆಟ್ಟಿಗೆಯೊಳಗಿದ್ದ; ಅವನ ಮೂಲೆಗೆ ಮಗಳು ಹೆಗಲು ಕೊಟ್ಟಿದ್ದಳು.

"ಧಾರಾಳಿ ಭಾರ ಇದಾನಪ್ಪಾ," ಎಂದು ಗುಂಡಣ್ಣ ಏದುಸಿರುಬಿಟ್ಟ.

"ಊರಿಗೆಲ್ಲ ತಳ್ಳು ಕೊಟ್ಟವನು. ಇವತ್ತೊಂದು ದಿನ ಹೊರಿಸ್ಕೊಳ್ಳಲಿ ಬಿಡೋ," ಎಂದ ಉದ್ದಣ್ಣ.

ಹಿಂದೆ ಬರುತ್ತಿದ್ದ ಅತ್ತೆ, ಸತ್ತವನ ತಂಗಿ, ನಗಲಿಲ್ಲ. "ಸಾಯಂಕಾಲ ಇವಳು ಸ್ಕೇಟಿಂಗ್ ಫೈನಲ್‌ಗೆ ಹೋಗ್ಬೇಕಂತೆ! ಅಪ್ಪನಿಗೆ ಮಣ್ಣು ಹಾಕಿದ ದಿನವೇ ಆಟವೇನೇ?"

"ಹೋಗಲ್ಲ ಅತ್ತೆ. ಬದಲಿ ಹುಡುಗಿ ಇದಾಳೆ," ಎಂದಳು ಮಗಳು.

"ನಮ್ಮ ಕಾಲ ಆದ್ಮೇಲೆ ದೇಶಕ್ಕೆ ಇದೇ ಮೊದಲ ಫೈನಲ್ಲು," ಎಂದ ಉದ್ದಣ್ಣ, ಪೆಟ್ಟಿಗೆಗೆ ಹೇಳುವವನಂತೆ.

*

ಆ ಆಟದ ರಿಲೇಯಲ್ಲಿ ಕೈಯಿಂದ ಕೈಗೆ ಸಾಗುವ ಕೋಲಿಲ್ಲ. ಬಗ್ಗಿ ಜಾರುವ ಜೊತೆಗಾರನ ಸೊಂಟಕ್ಕೆ ಎರಡೂ ಅಂಗೈಯಿಟ್ಟು ತಳ್ಳಬೇಕು. ಅದೇ ಸರದಿ ಒಪ್ಪಿಸುವ ಕ್ರಮ. ಈ ನಾಲ್ವರು ಆಡಿದ ಅಂದಿನ ಫೈನಲ್‌ನಲ್ಲಿ ಎರಡು ತಂಡಗಳ ಉಡುಪೂ ನೀಲಿ. ನೂಕುನುಗ್ಗಲಿನಲ್ಲಿ, ಈಗ ಪೆಟ್ಟಿಗೆಯಲ್ಲಿರುವವನು ಸರ್ವಶಕ್ತಿಯಿಂದ ತಳ್ಳಿದ್ದು ಎದುರಾಳಿಯನ್ನು. ಉದ್ದಣ್ಣ ಬಗ್ಗಿದವನು ಬಗ್ಗಿಯೇ ಉಳಿದ. ಫಲಿತಾಂಶದ ಫಲಕದಲ್ಲಿ ದೇಶದ ಹೆಸರಿನೆದುರು ಸ್ಥಾನವಿರಲಿಲ್ಲ. ಅವನಿಗೆ ಮಾತ್ರ ಧಾರಾಳಿ ಎಂಬ ಬಿರುದು ಬಂತು.

ಮರುದಿನ ಮುಂಜಾನೆ ಎಲ್ಲರಿಗಿಂತ ಮೊದಲು ಮಂಜುಗಡ್ಡೆಯ ಮೇಲೆ ನಿಂತಿದ್ದವನು ಅವನೇ. "ಬಗ್ಗೋ ಉದ್ದ. ಇವತ್ತು ಮುಖ ನೋಡೇ ತಳ್ತೀನಿ."

ಉದ್ದಣ್ಣನಿಗೆ ಸಿಟ್ಟಿನ ನಡುವೆಯೇ ನಗು ಬಂದಿತ್ತು. ಆಮೇಲೆ ಧಾರಾಳಿ ಅದೇ ಅಂಗಣದಲ್ಲಿ ಮಕ್ಕಳಿಗೆ ಕಲಿಸುತ್ತ ಆಯುಷ್ಯ ಸವೆಸಿದ. ಅಂಚಿನ ಕಂಬಿ ಬಿಡಲಂಜಿ ಅಳುವ ಮಗುವಿನ ಬೆನ್ನ ಹಿಂದೆ ಆ ಅಂಗೈಗಳು ಸದ್ದಿಲ್ಲದೆ ಬರುತ್ತಿದ್ದವು. ಮೊನ್ನೆ ಮಗಳ ತಂಡ ಫೈನಲ್ ತಲುಪಿದ್ದನ್ನು ಕಣ್ಣಾರೆ ಕಂಡು ಮಲಗಿದವನು ಬೆಳಗ್ಗೆ ಏಳಲಿಲ್ಲ.

*

ಮಣ್ಣು ಮುಚ್ಚಿಯಾಯಿತು. ಇಳಿಜಾರಿನ ಕೊನೆಯಲ್ಲಿ, ಸ್ಮಶಾನದ ಗೇಟಿನಾಚೆ, ತಂಡದ ವ್ಯಾನು ಬಾಗಿಲು ತೆರೆದು ಕಾಯುತ್ತಿತ್ತು. ಮಗಳು ಅತ್ತ ನೋಡಿದಳು; ಹೆಜ್ಜೆ ಏಳಲಿಲ್ಲ.

"ಹೋಗ್ಬೇಕು ಅನ್ಸುತ್ತೆ ಮಾಮ. ಕಾಲೇ ಬರ್ತಿಲ್ಲ."

"ಬಗ್ಗು," ಎಂದ ಉದ್ದಣ್ಣ.

"ಇಲ್ಲೇನಾ?"

"ಬಗ್ಗೇ ತಾಯಿ. ಮುಖ ನೋಡ್ಕೊಂಡಿದೀನಿ, ನೀನು ನಮ್ಮವಳೇ."

ಅಭ್ಯಾಸಬಲದಿಂದ ಅವಳ ಮಂಡಿ ಮಡಿಯಿತು. ಉದ್ದಣ್ಣ ಅವಳ ಸೊಂಟಕ್ಕೆ ಅಂಗೈಯಿಟ್ಟ. ಮುದಿ ತೋಳಿನ ಬಲ ಸಾಲಲಿಲ್ಲ. ಅವನ ಹಿಂದೆ ಗುಂಡಣ್ಣ ಬಂದು ನಿಂತ, ಗುಂಡಣ್ಣನ ಹಿಂದೆ ಮೂರನೆಯವನು.

ಅತ್ತೆ ಕ್ಷಣಕಾಲ ಹಸಿ ಮಣ್ಣಿನತ್ತ ನೋಡಿದಳು. ಅನಂತರ ಕೈಚೀಲವನ್ನು ನೆಲಕ್ಕಿಟ್ಟು, ಕಣ್ಣೊರೆಸಿಕೊಂಡು, ಕೊನೆಯ ಮುದುಕನ ಸೊಂಟಕ್ಕೆ ಎರಡೂ ಅಂಗೈಗಳನ್ನು ಊರಿದಳು.