ಇಪ್ಪತ್ತನಾಲ್ಕು ಇಲಿಗಳ ಹೊಟ್ಟೆ

ನಾನು ರಘುರಾಮ, ಮಂಡ್ಯದವನು. ಮದ್ರಾಸಿನ ಕ್ರೋಂಪೇಟೆಯ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಒಂಬತ್ತು ವರ್ಷ ಇಲಿಗಳ ಜೊತೆ ಕಳೆದವನು. ಹೊಟ್ಟೆಯ ಆಮ್ಲ ತಗ್ಗಿಸುವ ಹೊಸ ಮದ್ದೊಂದರ ಹಿಂದೆ ಐದು ವರ್ಷ ಬಿದ್ದಿದ್ದೆ. ಆಗ ಬಂದಳು ಸಮೀಕ್ಷಾ. ಬಂದ ವರ್ಷವೇ ಇನ್ನೊಂದು ಮದ್ದು ತಂದಿಟ್ಟಳು. ಆಮ್ಲ ಅಳೆದಾಗ ಅವಳದು ನನ್ನದಕ್ಕಿಂತ ಚೆನ್ನಾಗಿ ತಗ್ಗಿಸಿತು. ಅಂದಿನಿಂದ ಅವಳು ನಕ್ಕರೂ ನನಗೆ ಉರಿ, ನಗದಿದ್ದರೂ ಉರಿ. ಹೊಟ್ಟೆಕಿಚ್ಚು ಎಂದರೆ ಅದೇ, ಬೇರೆ ಹೆಸರಿಲ್ಲ.

ಅವಳ ತಂದೆ, ಕರಾವಳಿಯಿಂದ ಬಂದ ಕಾಂತಪ್ಪನವರಿಗೆ ಮದ್ರಾಸಿನ ಅಡ್ಯಾರಿನಲ್ಲಿ ಹೋಟೆಲು. ಮಂಗಳವಾರ ಅಲ್ಲಿಂದ ಬನ್ಸ್ ಕಟ್ಟಿಸಿಕೊಂಡು ಬರುತ್ತಿದ್ದಳು. ಇಡೀ ಲ್ಯಾಬು ಮುಗಿಬೀಳುತ್ತಿತ್ತು. ನಾನೂ ಎರಡು ತಿನ್ನುತ್ತಿದ್ದೆ. ರುಚಿಯಾಗಿರುತ್ತಿದ್ದವು, ಅದಕ್ಕೂ ಸಿಟ್ಟು ಬರುತ್ತಿತ್ತು.

2003ರ ಜೂನಿನಲ್ಲಿ ಕೊನೆಯ ಪರೀಕ್ಷೆ. ಎರಡರಲ್ಲಿ ಒಂದೇ ಮದ್ದು ಮುಂದಿನ ಹಂತಕ್ಕೆ. ಇನ್ನೊಂದರ ಫೈಲು ಮುಚ್ಚುತ್ತಾರೆ. ಇಪ್ಪತ್ತನಾಲ್ಕು ಇಲಿಗಳನ್ನು ಒಂದು ದಿನ ಉಪವಾಸ ಕೆಡವಿದೆವು. ಆರಕ್ಕೆ ನನ್ನ ಮದ್ದು, ಆರಕ್ಕೆ ಅವಳದು, ಆರಕ್ಕೆ ಪೇಟೆಯಲ್ಲಿ ಸಿಗುವ ಹಳೆಯದು, ಉಳಿದ ಆರಕ್ಕೆ ಬರೀ ನೀರು. ಆಮೇಲೆ ಎಲ್ಲಕ್ಕೂ ಹೊಟ್ಟೆಯ ಒಳಪೊರೆಯಲ್ಲಿ ಹುಣ್ಣೆಬ್ಬಿಸುವ ನೋವುನಿವಾರಕ. ಸಂಜೆ ಹೊಟ್ಟೆಗಳನ್ನು ಸೀಳಿ, ಮೇಣದ ಹಲಗೆಯ ಮೇಲೆ ಗುಂಡುಪಿನ್ನು ಚುಚ್ಚಿ ಹರಡಿದ್ದಾಯಿತು. ಯಾವುದು ಯಾರದೆಂದು ತಿಳಿಯದಂತೆ ಬರೀ ನಂಬರು. ವಿವರದ ಚೀಟಿ ನಮ್ಮ ಮುಖ್ಯಸ್ಥೆ ಚಂದ್ರಮತಿ ಮೇಡಂ ಬಳಿ, ಅರಗು ಹಾಕಿದ ಕವರಿನಲ್ಲಿ. ನಾವಿಬ್ಬರೂ ಬೇರೆಬೇರೆಯಾಗಿ ಲೆನ್ಸಿನಲ್ಲಿ ನೋಡಿ ಅಂಕ ಹಾಕಬೇಕು. ಹುಣ್ಣಿಲ್ಲದಿದ್ದರೆ ಸೊನ್ನೆ, ಹೆಚ್ಚಿದಷ್ಟೂ ಐದರವರೆಗೆ. ಇಬ್ಬರ ಸರಾಸರಿಯೇ ತೀರ್ಪು, ಕಡಿಮೆ ಬಂದ ಮದ್ದು ಗೆದ್ದಂತೆ.

ಆರು ಹೊಟ್ಟೆಗಳು ತೊಳೆದಿಟ್ಟ ಹಾಗಿದ್ದವು. ನಂಬರು ಚದುರಿದ್ದರೂ ಅವೆಲ್ಲ ಒಂದೇ ಗುಂಪೆಂದು ಪಳಗಿದ ಕಣ್ಣಿಗೆ ತಿಳಿಯದೇ? ಆಮ್ಲ ಹೆಚ್ಚು ತಗ್ಗಿಸಿದ್ದು ಅವಳ ಮದ್ದು. ಒಳಪೊರೆ ಉಳಿಸಿದ್ದೂ ಅವಳದೇ ಇರಬೇಕು. ಸೊನ್ನೆ ಇದ್ದಲ್ಲಿ ಮೂರು ಬರೆದೆ, ಒಂದು ಇದ್ದಲ್ಲಿ ನಾಲ್ಕು. ಸುಳ್ಳೇಕೆ ಹೇಳಲಿ, ಹಿತವಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಮೇಡಂ ಕವರು ಒಡೆದು, ನಮ್ಮ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. ಆ ಆರೂ ನನ್ನ ಮದ್ದಿನ ಇಲಿಗಳು.

ಅವುಗಳಿಗೆ ಸಮೀಕ್ಷಾ ಕೊಟ್ಟದ್ದು ಒಟ್ಟು ಎರಡು ಅಂಕ, ನಾನು ಕೊಟ್ಟದ್ದು ಇಪ್ಪತ್ತು. ಅವಳ ಮದ್ದಿಗೆ ಇಬ್ಬರದೂ ಒಂಬತ್ತೇ. ಸರಾಸರಿಯಲ್ಲಿ ನನ್ನದು ಹನ್ನೊಂದಾಯಿತು. ಐದು ವರ್ಷದ ದುಡಿಮೆಗೆ ನಾನೇ ಮಣ್ಣು ಹಾಕಿದ್ದೆ.

“ಎನ್ನಪ್ಪಾ ರಘು, ಇಷ್ಟು ವ್ಯತ್ಯಾಸನಾ?” ಎಂದರು ಮೇಡಂ. ಮೂರು ತಲೆಮಾರಿನಿಂದ ಮದ್ರಾಸಿನವರು ಅವರು.

ನಾನು ಬಾಯಿ ತೆರೆಯುವ ಮೊದಲೇ ಸಮೀಕ್ಷಾ ಹೇಳಿದಳು: “ಮೇಡಂ, ಹೊಟ್ಟೆಗಳೆಲ್ಲ ಹಾಳಾಗದ ಹಾಗೆ ಫಾರ್ಮಲಿನ್‌ನಲ್ಲಿ ಉಂಟಲ್ಲ, ಇನ್ನೊಮ್ಮೆ ನೋಡುವ. ಸರ್‌ದು ಭಾರೀ ಚಂದ ಬಂದಿತ್ತು. ಅವ್ರಿಗೆ ಕಣ್ಣು ದಣಿದಿರ್ಬೇಕು, ಅಷ್ಟೇ.”

ಮತ್ತೆ ನೋಡಿದರೆ ಸೋಲುವವಳು ಅವಳು, ಆದರೂ ಹೀಗೆ ಹೇಳಿದಳು. ನಾನು ಹೂಂ ಎಂದಿದ್ದರೆ ನನ್ನ ಮದ್ದು ಉಳಿಯುತ್ತಿತ್ತು. ಆದರೆ ಒಂದು ಹೊಟ್ಟೆಯಲ್ಲಿ ಕಣ್ಣು ತಪ್ಪಬಹುದು, ಆರರಲ್ಲೂ ತಪ್ಪಿತೆಂದರೆ ಯಾರು ನಂಬುತ್ತಾರೆ? ಅದಕ್ಕಿಂತ, ಅವಳ ಕರುಣೆಯಿಂದ ಗೆಲ್ಲುವುದನ್ನು ನನ್ನಿಂದ ಸಹಿಸಲಾಗಲಿಲ್ಲ.

“ಬೇಡ ಮೇಡಂ. ನಾನು ನೋಡಿರೋದೇ ಸರಿ ಕಣ್ರೀ. ಈಯಮ್ಮಂಗೆ ಇನ್ನೂ ಕಣ್ಣು ಪಳಗಿಲ್ಲ” ಎಂದೆ.

ಮೇಡಂ ಒಂಬತ್ತು ವರ್ಷದ ಅನುಭವವನ್ನು ನಂಬಿದರು. ನನ್ನ ಫೈಲು ಮುಚ್ಚಿ ಬೀರುವಿಗೆ ಸೇರಿಸಿದರು.

ಹೊರಗೆ ಬಂದ ಮೇಲೆ ಸಮೀಕ್ಷಾ ಸಿಟ್ಟು ಮಾಡಲಿಲ್ಲ. ನನ್ನ ಮುಖವನ್ನೇ ನೋಡಿ, ಮೆಲ್ಲಗೆ ಕೇಳಿದಳು:

“ಆ ಆರು ನನ್ನದೂಂತ ಗ್ರಹಿಸಿದ್ರಾ ಸರ್?”